ತಡಿಯಂಡಮೋಳ್‌ಗೆ ತಡವಾಗಿ ಹೊರಡಬೇಡಿ

ನಾನು ವಿರಾಜಪೇಟೆಯವನು. ಹೋದ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಮೈಸೂರಿನಿಂದ ಚಿಕ್ಕಪ್ಪನ ಮಗ ಬಂದಿದ್ದ. ಅವನನ್ನೂ ಅವನ 9 ವರ್ಷದ ಮಗಳನ್ನೂ ಕೊಡಗಿನ ತಡಿಯಂಡಮೋಳ್ ಬೆಟ್ಟಕ್ಕೆ ಕರೆದುಕೊಂಡು ಹೋದೆ. ಮಂಜಿನಲ್ಲಿ ದಾರಿ ತಪ್ಪಿ ಆ ಮಗುವನ್ನು ಪ್ರಪಾತದ ಅಂಚಿನಲ್ಲಿ ನಿಲ್ಲಿಸಿದ್ದು ನನ್ನ ತಪ್ಪು. ನಿಮ್ಮಿಂದ ಆಗಬಾರದು.

ಕಕ್ಕಬ್ಬೆಯ ಹೋಂಸ್ಟೇಯಲ್ಲಿ ತಿಂಡಿ ಮುಗಿದಾಗಲೇ ಗಂಟೆ 10.30. "ಎರಡು ಗಂಟೆ ಸಾಕು, ಆರಾಮಾಗಿ ಹೋಗಿ" ಅಂದರು ಅಲ್ಲಿಯವರು. ನಂಬಿದೆವು. ನಾಲ್ಕುನಾಡು ಅರಮನೆ ನೋಡುತ್ತಾ ಇನ್ನೊಂದು ಗಂಟೆ ಕಳೆಯಿತು. 1792ರ ಸುಮಾರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಕಟ್ಟಿಸಿದ ಅರಮನೆ ಅದು, ನೋಡಲೇಬೇಕು. ಆದರೆ ಬೆಟ್ಟ ಇಳಿದ ಮೇಲೆ ನೋಡಿ.

ಕೊಡಗಿನ ಅತಿ ಎತ್ತರದ ಶಿಖರ ಇದು, 1,748 ಮೀಟರ್. ದೊಡ್ಡ ಬಂಡೆಯವರೆಗೆ ದಾರಿ ಸುಲಭ. ಆಮೇಲೆ ಏರು ಎದೆಗೇ ಬರುತ್ತದೆ. ಮಗು ಜೊತೆಗಿದ್ದದ್ದಕ್ಕೆ ನಮಗೆ ಮೂರೂವರೆ ಗಂಟೆ ಹಿಡಿಯಿತು. ಕಾಲಿನ ತುಂಬ ಜಿಗಣೆ ಬೇರೆ. ಉಪ್ಪು ಕಟ್ಟಿಕೊಂಡು ಹೋಗಿದ್ದೆ, ಅದೊಂದು ಒಳ್ಳೆ ಕೆಲಸ ಮಾಡಿದ್ದೆ.

ತುದಿ ಮುಟ್ಟಿದಾಗ 3 ಗಂಟೆ. ಹತ್ತು ನಿಮಿಷ ಕೂತಿದ್ದೇವೋ ಇಲ್ಲವೋ, ಪಶ್ಚಿಮದ ಕಡೆಯಿಂದ ಮಂಜು ಏರಿ ಬಂತು. ಕಡಲ ಕಡೆಯ ತೇವದ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರಿ ತಣ್ಣಗಾದರೆ ಹೀಗೇ, ನೋಡ್ತಾ ನೋಡ್ತಾ ಎಲ್ಲ ಬೆಳ್ಳಗಾಗುತ್ತದೆ. ಇಳಿಯುವಾಗ ಹುಲ್ಲಿನಲ್ಲಿ ನಾಲ್ಕಾರು ಕಾಲುದಾರಿ. ಒಂದನ್ನು ಹಿಡಿದೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಲ್ಲೊಂದು ಉರುಳಿ ಕೆಳಗೆ ಬಿತ್ತು, ಬಿದ್ದ ಸದ್ದು ತುಂಬ ಹೊತ್ತಾದ ಮೇಲೆ ಕೇಳಿಸಿತು. ಮುಂದೆ ನೆಲವೇ ಇರಲಿಲ್ಲ.

"ದೊಡ್ಡಪ್ಪಾ, ದಾರಿ ಎಲ್ಲಿ?" ಅಂದಳು ಮಗು. ನನ್ನ ಬಳಿ ಉತ್ತರ ಇರಲಿಲ್ಲ. ಫೋನಿಗೆ ಸಿಗ್ನಲ್ಲೂ ಇಲ್ಲ. ಅಲ್ಲೇ ಕುಳಿತುಬಿಟ್ಟೆವು. ನಮ್ಮನ್ನು ಉಳಿಸಿದ್ದು ಅದೇ ಅಂತ ಈಗಲೂ ಅನ್ನಿಸುತ್ತದೆ. ಮುಕ್ಕಾಲು ಗಂಟೆಯ ಮೇಲೆ ಮಂಜು ಒಂದಿಷ್ಟು ಸರಿಯಿತು, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದು ಸರಿಯಾದ ಹಾದಿ ಸೇರಿದೆವು. ಕೆಳಗಿನ ತೋಟದ ಹತ್ತಿರ ಬರುವಷ್ಟರಲ್ಲಿ ಕತ್ತಲು. ಆನೆ ಓಡಾಡುವ ಕಡೆ, ಒಂದೇ ಫೋನಿನ ಟಾರ್ಚ್ ಹಿಡಿದು ನಡೆದೆವು.

ಹೋಗುವವರು ಬೆಳಗ್ಗೆ 7ಕ್ಕೇ ನಡೆಯಲು ಶುರುಮಾಡಿ. ಎಲ್ಲೇ ಇದ್ದರೂ 12ಕ್ಕೆ ವಾಪಸ್ ತಿರುಗಿ, ತುದಿ ಕಾಣುತ್ತಿದ್ದರೂ ಸರಿ. ಟಾರ್ಚ್, ರೇನ್‌ಕೋಟ್, ತಲೆಗೆ ಎರಡು ಲೀಟರ್ ನೀರು ಇರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳನ್ನಂತೂ ಕರೆದೊಯ್ಯಬೇಡಿ. ಹೊರಡುವ ಮುಂಚೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್‌ನಲ್ಲಿ ಅವತ್ತು ಬಿಡುತ್ತಾರಾ ಅಂತ ಕೇಳಿ. ಹೋಂಸ್ಟೇಯವರನ್ನಲ್ಲ.