ಪೆನ್‌ಡ್ರೈವ್, ಗೂಗಲ್ ಡ್ರೈವ್, ಹಾರ್ಡ್‌ಡಿಸ್ಕ್: ಮನೆಯ ಬ್ಯಾಕಪ್‌ಗೆ ಯಾವುದಾದೀತು?

ಉಡುಪಿಯ ನಮ್ಮ ಮನೆ ಕಂಪ್ಯೂಟರಿನಲ್ಲಿ ಎರಡು ಜಾತಿಯ ಫೈಲುಗಳಿವೆ. ಆರ್‌ಟಿಸಿ, ತೆರಿಗೆ ರಸೀದಿ, ಮಾರ್ಕ್ಸ್ ಕಾರ್ಡಿನ ಸ್ಕ್ಯಾನುಗಳು ಒಂದು ಕಡೆ. ಎಲ್ಲಾ ಸೇರಿದರೂ 2 ಜಿಬಿ ದಾಟುವುದಿಲ್ಲ. ಇನ್ನೊಂದು ಕಡೆ ಅಣ್ಣ ರಾತ್ರಿಯಿಡೀ ಕೂತು ತೆಗೆದ ಯಕ್ಷಗಾನದ ಆಟದ ವಿಡಿಯೋಗಳು, ಮದುವೆ-ಉಪನಯನದ ಫೋಟೋಗಳು. ಇವು 300 ಜಿಬಿ ಹತ್ತಿರ. ಎಲ್ಲವನ್ನೂ ಬಳಸಿ ನೋಡಿದ ಮೇಲೆ ಹೇಳುತ್ತೇನೆ, ಎರಡಕ್ಕೂ ಒಂದೇ ಮದ್ದು ನಾಟುವುದಿಲ್ಲ.

ಪೆನ್‌ಡ್ರೈವ್ ಬಗ್ಗೆ ಜಾಸ್ತಿ ಹೇಳುವುದಕ್ಕಿಲ್ಲ. ಕಿಸೆಗೆ ಹಿಡಿಸುತ್ತದೆ, ಅದಕ್ಕೇ ಕಳೆದೂ ಹೋಗುತ್ತದೆ. ಫ್ಯಾಟ್32 ಫಾರ್ಮ್ಯಾಟಿನದ್ದಾದರೆ 4 ಜಿಬಿಗಿಂತ ದೊಡ್ಡ ಫೈಲ್ ಹೋಗುವುದೇ ಇಲ್ಲ. ಸಾಗಿಸಲು ಸರಿ, ವರ್ಷಗಟ್ಟಲೆ ಇಡಲು ಬೇಡ.

ಗೂಗಲ್ ಡ್ರೈವಿನಲ್ಲಿ ಜಿಮೇಲ್, ಫೋಟೋಸ್ ಎಲ್ಲಾ ಸೇರಿ 15 ಜಿಬಿ ಪುಕ್ಕಟೆ. ಕಾಗದಪತ್ರಕ್ಕೆ ಧಾರಾಳ. ತಾಲೂಕು ಕಚೇರಿಯ ಕ್ಯೂನಲ್ಲಿ ನಿಂತೇ ಮೊಬೈಲಿನಲ್ಲಿ ಆರ್‌ಟಿಸಿ ತೆಗೆದು ತೋರಿಸಬಹುದು. ವಿಡಿಯೋಗಳಿಗೆ ದುಡ್ಡು ಕೊಟ್ಟು ಜಾಗ ಕೊಂಡರೂ ಏರಿಸುವುದೇ ಕಷ್ಟ. 10 ಎಂಬಿಪಿಎಸ್ ಅಪ್‌ಲೋಡಿಗೆ ಗಂಟೆಗೆ ಹೆಚ್ಚೆಂದರೆ ನಾಲ್ಕೂವರೆ ಜಿಬಿ. 300 ಜಿಬಿಗೆ ಹಗಲೂ ರಾತ್ರಿ ಸೇರಿ ಮೂರು ದಿನ ಬೇಕು. ನಮ್ಮ ಮಳೆಗಾಲದಲ್ಲಿ ಅಷ್ಟು ಹೊತ್ತು ಕರೆಂಟು ಇರಬೇಕಲ್ವಾ? ಸಿಂಕ್ ಮಾಡಿದ ಫೋಲ್ಡರಿನಲ್ಲಿ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ ಬೇರೆ. ಟ್ರ್ಯಾಶಿನಲ್ಲಿ 30 ದಿನ ಸಿಗುತ್ತದೆ, ಆಮೇಲೆ ಇಲ್ಲ.

ನನಗೆ ಹಿಡಿಸಿದ್ದು 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್. ವಿಂಡೋಸಿನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫೈಲ್ ಹಿಸ್ಟರಿ ಅಂತ ಇದೆ. ಆನ್ ಮಾಡಿದರೆ ಗಂಟೆಗೊಮ್ಮೆ ಬದಲಾದ ಫೈಲುಗಳ ಪ್ರತಿ ಇಡುತ್ತದೆ, ಹಳೆಯದನ್ನೂ ಉಳಿಸುತ್ತದೆ. ಅತ್ತಿಗೆಯ ಅಡಿಕೆ ಲೆಕ್ಕದ ಎಕ್ಸೆಲ್ ಮೇಲೆ ಮಕ್ಕಳು ಏನೋ ಗೀಚಿ ಸೇವ್ ಮಾಡಿದಾಗ ಹಿಂದಿನ ದಿನದ್ದು ಸಿಕ್ಕಿದ್ದು ಇದರಿಂದಲೇ. ಆದರೆ ಪೂರ್ತಿ ಲಾಭ ಬೇಕಾದರೆ ಡಿಸ್ಕ್ ಸದಾ ಚುಚ್ಚಿಯೇ ಇರಬೇಕು. ಏಪ್ರಿಲ್-ಮೇ ತಿಂಗಳ ಸಿಡಿಲಿಗೆ ಟಿವಿ, ಮೋಡೆಮ್ ಪ್ಲಗ್ ಕೀಳುವ ನಮಗೆ ಈ ಡಿಸ್ಕ್ ನೆನಪಾಗುವುದಿಲ್ಲ. ಸಿಡಿಲು ಬಡಿದರೆ ಕಂಪ್ಯೂಟರಿನ ಜೊತೆ ಬ್ಯಾಕಪ್ಪೂ ಹೋದಂತೆ. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್ ಬಂದರೂ ಅದೇ ಗತಿ, ಚುಚ್ಚಿಟ್ಟ ಡಿಸ್ಕಿಗೂ ಬೀಗ.

ಹಾಗಾಗಿ ಈಗ ಕಾಗದಪತ್ರ ಗೂಗಲ್ ಡ್ರೈವಿಗೆ, ವಿಡಿಯೋ ಎರಡು ಡಿಸ್ಕಿಗೆ. ಒಂದು ಇಲ್ಲಿ, ಇನ್ನೊಂದು ಕಾರ್ಕಳದ ಅಕ್ಕನ ಮನೆಯಲ್ಲಿ. ಹಬ್ಬಕ್ಕೆ ಹೋದಾಗ ಅದಲು ಬದಲು. ಆಟಿ ತಿಂಗಳ ಮಳೆಯ ತೇವಕ್ಕೆ ಹೆದರಿ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಡಬ್ಬಿಯಲ್ಲಿ ಇಡುತ್ತೇವೆ. ತಿರುಗುವ ತಟ್ಟೆಯ ಬದಲು ಚಿಪ್ಪಿನಲ್ಲಿ ಡೇಟಾ ಇಡುವ ಎಸ್‌ಎಸ್‌ಡಿ ವೇಗದ್ದು ನಿಜ. ಆದರೆ ಕರೆಂಟಿಲ್ಲದೆ ವರ್ಷಗಟ್ಟಲೆ ಕಪಾಟಿನಲ್ಲಿ ಬಿದ್ದಿದ್ದರೆ ಅದರಲ್ಲಿನ ಡೇಟಾ ಮಾಸಬಹುದು. ಅಕ್ಕನ ಕಪಾಟಿಗೆ ತಿರುಗುವ ಹಳೇ ಡಿಸ್ಕೇ ಸಾಕು.