ಟ್ರ್ಯಾಕ್‌ಗೆ ಹೋಗುವ ಹಳೇ ಹೋಂಡಾ ಸಿಟಿಗೆ ಪೀಣ್ಯದಲ್ಲಿ ಮಾಡಿಸಿದ ಆಯಿಲ್ ಕ್ಯಾಚ್ ಕ್ಯಾನ್: ಎರಡು ವರ್ಷ ಬಳಸಿದ ಮೇಲೆ

ಎಂಜಿನ್ ಒಳಗಿನ ಗ್ಯಾಸ್ ಜೊತೆ ಹೊರಗೆ ಬರುವ ಎಣ್ಣೆ ಹನಿಗಳನ್ನು ಹಿಡಿದಿಡುವ ಡಬ್ಬವೇ ಆಯಿಲ್ ಕ್ಯಾಚ್ ಕ್ಯಾನ್. ನನ್ನ ಕ್ಯಾನ್ ಚೆನ್ನಾಗಿದೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ನನ್ನ ಕಾರಿನಲ್ಲಿ ಎಣ್ಣೆ ಹೋಗುವುದು ಕಡಿಮೆಯಾಗಿದ್ದರೆ ಅದು ಬರೀ ಡಬ್ಬದಿಂದಲ್ಲ. ಪೈಪ್ ಎಲ್ಲಿಂದ ಎಲ್ಲಿಗೆ ಹಾಕಿದ್ದೀವಿ, ಎಣ್ಣೆ ಮೊದಲು ಯಾಕೆ ಹೊರಗೆ ಬರುತ್ತಿದೆ ಅನ್ನೋದರಲ್ಲೂ ಇದೆ. ಕ್ಯಾನ್ ಮಾರುವವರು ಇದನ್ನು ಹೇಳುವುದಿಲ್ಲ, ಹೊಳೆಯುವ ಅಲ್ಯುಮಿನಿಯಂ ಫೋಟೋ ಹಾಕಿ ಸುಮ್ಮನಾಗುತ್ತಾರೆ.

ಕಾರು ಹಳೇ ಸಿಟಿ 1.5 ವಿಟೆಕ್, 106 ಎಚ್‌ಪಿಯದು. ಮನೆಗೆ ಬೇರೆ ಕಾರಿದೆ, ಇದು ಟ್ರ್ಯಾಕ್‌ಗೆ ಮತ್ತು ಭಾನುವಾರಕ್ಕೆ. ಬೆಂಗಳೂರಿನ ನಮ್ಮಂಥವರು ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ ಅಥವಾ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಹೋಗುತ್ತೇವೆ. ಕರಿ ಚಿಕ್ಕದು, ತಿರುವು ಜಾಸ್ತಿ. ಇರುಂಗಾಟ್ಟುಕೋಟೈ 3.7 ಕಿ.ಮೀ, ಅಲ್ಲಿ ಕಾಲು ತೆಗೆಯದೆ ಆರ್‌ಪಿಎಂ ಮೀಟರಿನ ಕೆಂಪು ಗೆರೆ ಹತ್ತಿರ ಹಿಡಿದುಕೊಂಡಿರುವ ಹೊತ್ತು ಜಾಸ್ತಿ. ನನ್ನ ಕಾರು ಎಣ್ಣೆ ಕುಡಿಯುತ್ತಿದ್ದದ್ದು ಅಲ್ಲೇ. ಬೆಳಗ್ಗೆ ಎಣ್ಣೆ ಡಿಪ್ ಸ್ಟಿಕ್‌ನ (ಮಟ್ಟ ನೋಡುವ ಕಡ್ಡಿಯ) ಮೇಲಿನ ಗೆರೆಗೆ ಸರಿಯಾಗಿರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಗೆರೆ ಕಡೆ ಇಳಿದಿರುತ್ತಿತ್ತು. ಈ ಎಂಜಿನ್‌ಗೆ ಹಿಡಿಸುವುದೇ ಮೂರೂ ಚಿಲ್ಲರೆ ಲೀಟರ್. ಅದರಲ್ಲಿ ಅರ್ಧ ಲೀಟರ್ ಕಡಿಮೆಯಾಗಿ, ಮೇಲೆ ಉದ್ದನೆಯ ತಿರುವಿನಲ್ಲಿ ಇದ್ದದ್ದೆಲ್ಲ ಒಂದು ಬದಿಗೆ ಓಡಿದರೆ ಪಂಪ್ ಗಾಳಿ ಎಳೆಯುತ್ತದೆ. ಆಮೇಲೆ ಬೇರಿಂಗ್ ಲೆಕ್ಕ ಗ್ಯಾರೇಜಿನವರು ಹೇಳುತ್ತಾರೆ.

ಕೆಳಗೆ ಎಲ್ಲೂ ಲೀಕ್ ಇರಲಿಲ್ಲ. ಏರ್ ಫಿಲ್ಟರ್‌ನಿಂದ ಥ್ರಾಟಲ್ ಬಾಡಿಗೆ (ಆಕ್ಸಿಲರೇಟರ್ ಒತ್ತಿದಾಗ ತೆರೆದು ಎಂಜಿನ್‌ಗೆ ಗಾಳಿ ಬಿಡುವ ಭಾಗ) ಹೋಗುವ ರಬ್ಬರ್ ಪೈಪ್ ಬಿಚ್ಚಿ ಬೆರಳು ಹಾಕಿದರೆ ಒಳಗೆ ಎಣ್ಣೆ ನಿಂತಿತ್ತು, ಥ್ರಾಟಲ್ ಪ್ಲೇಟ್ ಕಪ್ಪಗೆ ಜಿಡ್ಡು. ಅಂದರೆ ಬ್ರೀದರ್‌ನಿಂದ, ಅಂದರೆ ಎಂಜಿನ್ ಒಳಗಿನ ಗ್ಯಾಸ್ ಹೊರಗೆ ಹೋಗುವ ದಾರಿಯಿಂದ, ಎಣ್ಣೆ ಬಂದು ಎಂಜಿನ್ನೇ ಅದನ್ನು ಮತ್ತೆ ಸುಡುತ್ತಿತ್ತು.

ಪೈಪ್ ವಿಷಯ ಸ್ವಲ್ಪ ಉದ್ದ. ಎಷ್ಟು ಒಳ್ಳೇ ಎಂಜಿನ್ ಆದರೂ ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಗ್ಯಾಸ್ ಕೆಳಗೆ ನುಸುಳುತ್ತದೆ, ಅದೇ ಬ್ಲೋ-ಬೈ. ಅದು ಹೊರಗೆ ಹೋಗಲೇಬೇಕು, ಇಲ್ಲದಿದ್ದರೆ ಒಳಗೆ ಒತ್ತಡ ಕೂತು ಆಯಿಲ್ ಸೀಲ್ ಕಿತ್ತುಕೊಳ್ಳುತ್ತದೆ. ಹೋಗುವಾಗ ಒಳಗೆ ಹಾರಾಡುವ ಎಣ್ಣೆಯ ಸಣ್ಣ ಹನಿಗಳನ್ನೂ ಹೊತ್ತುಕೊಂಡು ಹೋಗುತ್ತದೆ. ಈ ಹೋಂಡಾದಲ್ಲಿ ಬ್ಲಾಕ್ ಹಿಂದೆ ಒಂದು ಬ್ರೀದರ್ ಡಬ್ಬಿ ಇದೆ, ಅಲ್ಲಿಂದ ಪಿಸಿವಿ ವಾಲ್ವ್ (ಈ ಗ್ಯಾಸನ್ನು ಹದವಾಗಿ ಬಿಡುವ ವಾಲ್ವ್) ಮೂಲಕ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಪೈಪ್) ಒಂದು ದಾರಿ. ಎಂಜಿನ್ ತಲೆಯ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರ್‌ನಿಂದ ಏರ್ ಫಿಲ್ಟರ್ ಪೈಪಿಗೆ ಇನ್ನೊಂದು. ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಮ್ಯಾನಿಫೋಲ್ಡ್‌ನಲ್ಲಿ ಎಳೆತ ಇರುತ್ತದೆ, ಗ್ಯಾಸೆಲ್ಲ ಪಿಸಿವಿ ಕಡೆಯಿಂದ ಹೋಗುತ್ತದೆ, ಟ್ಯಾಪೆಟ್ ಕವರ್ ಪೈಪಿನಿಂದ ಒಳಗೆ ಹೊಸ ಗಾಳಿ ಬರುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕಥೆ ಉಲ್ಟಾ. ಮ್ಯಾನಿಫೋಲ್ಡ್‌ನಲ್ಲಿ ಎಳೆತವೇ ಇರುವುದಿಲ್ಲ, ಬ್ಲೋ-ಬೈ ಮಾತ್ರ ಅತಿ ಜಾಸ್ತಿ ಇರುವುದು ಆಗಲೇ, ಹಾಗಾಗಿ ಹೊಸ ಗಾಳಿ ಬರಬೇಕಿದ್ದ ಟ್ಯಾಪೆಟ್ ಕವರ್ ಪೈಪಿನಿಂದಲೇ ಅದು ಹೊರಗೆ ನುಗ್ಗುತ್ತದೆ, ಮೇಲೆ ಹೆಡ್‌ನಲ್ಲಿ ಕ್ಯಾಮ್ ಚಿಮ್ಮಿಸಿದ ಎಣ್ಣೆಯನ್ನೂ ಸೇರಿಸಿಕೊಂಡು.

ಈಗ ನೋಡಿ, ಆನ್‌ಲೈನ್‌ನಲ್ಲಿ ಸಿಗುವ ಬಹಳಷ್ಟು ಕಿಟ್‌ಗಳಿಗೆ ಇರುವುದು ಒಂದು ಇನ್, ಒಂದು ಔಟ್. ಹಾಕುವವರು ಅದನ್ನು ಪಿಸಿವಿ ಪೈಪಿಗೆ ಹಾಕುತ್ತಾರೆ. ರಸ್ತೆಗೆ ಸರಿ. ಟ್ರ್ಯಾಕ್‌ನಲ್ಲಿ ಎಣ್ಣೆ ಇನ್ನೊಂದು ದಾರಿಯಿಂದ ಆರಾಮಾಗಿ ಹೋಗುತ್ತಿರುತ್ತದೆ, ಕ್ಯಾನ್ ಖಾಲಿ ಇದೆ ಅಂತ ಇವರು ಖುಷಿಯಾಗಿರುತ್ತಾರೆ.

ಅದಕ್ಕೇ ನಾನು ಎರಡು ಇನ್ ಇರುವ ಕ್ಯಾನ್ ಮಾಡಿಸಿದೆ. ಒಂದು ಬ್ಲಾಕ್ ಹಿಂದಿನ ಡಬ್ಬಿಯಿಂದ, ಇನ್ನೊಂದು ಟ್ಯಾಪೆಟ್ ಕವರ್‌ನಿಂದ. ಔಟ್ ಏರ್ ಫಿಲ್ಟರ್ ಮತ್ತು ಥ್ರಾಟಲ್ ನಡುವಿನ ಪೈಪಿಗೆ. ಮ್ಯಾನಿಫೋಲ್ಡ್‌ನ ಪಿಸಿವಿ ತೂತನ್ನು ಸರಿಯಾಗಿ ಮುಚ್ಚಿದ್ದಾಯಿತು, ಅಲ್ಲಿ ಸ್ವಲ್ಪ ಗಾಳಿ ಎಳೆದರೂ ಐಡ್ಲಿಂಗ್ ಏರಿಳಿಯುತ್ತದೆ. ಎಲ್ಲಾ ಪೈಪ್ ಒಳ ಅಳತೆ 5/8 ಇಂಚು, ಅಂದರೆ ಸುಮಾರು 16 ಎಂಎಂ, ಎಣ್ಣೆ ತಡೆಯುವ ರಬ್ಬರ್. ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ಪೈಪ್ ಹಾಕಿದವರನ್ನು ನೋಡಿದ್ದೇನೆ, ಬಿಸಿಗೆ ಮೆತ್ತಗಾಗಿ ಚಪ್ಪಟೆಯಾಗುತ್ತದೆ, ಆಮೇಲೆ ಬ್ರೀದರ್ ಇದ್ದೂ ಇಲ್ಲದ ಹಾಗೆ. ಪೈಪ್ ಎಂಜಿನ್‌ನಿಂದ ಹೊರಟ ಕೂಡಲೇ ಮೇಲಕ್ಕೆ ಏರಬೇಕು, ನಡುವೆ ಎಲ್ಲೂ ಜೋತು ಬೀಳಬಾರದು. ಏರುವ ಪೈಪಿನಲ್ಲಿ ಎಷ್ಟೋ ಎಣ್ಣೆ ತಾನಾಗಿಯೇ ವಾಪಸ್ ಜಾರುತ್ತದೆ, ಡಬ್ಬಕ್ಕೆ ಬರುವುದೇ ಇಲ್ಲ. ಜೋತು ಬಿದ್ದ ಕಡೆ ಎಣ್ಣೆ ನಿಂತು ದಾರಿ ಕಟ್ಟುತ್ತದೆ.

ಡಬ್ಬ 2 ಲೀಟರಿನದು. ಇಷ್ಟು ದೊಡ್ಡದು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಅಂತರರಾಷ್ಟ್ರೀಯ ಮೋಟಾರ್ ರೇಸ್ ಸಂಸ್ಥೆ ಎಫ್‌ಐಎಯ ಅಪೆಂಡಿಕ್ಸ್ ಜೆ ನಿಯಮದ ಪ್ರಕಾರ ಬ್ರೀದರ್ ಹೊರಗೆ ತೆರೆದಿರುವ ರೇಸ್ ಕಾರಿಗೆ 2000 ಸಿಸಿವರೆಗೆ ಕನಿಷ್ಠ 2 ಲೀಟರ್, ಅದಕ್ಕಿಂತ ದೊಡ್ಡ ಎಂಜಿನ್‌ಗೆ 3 ಲೀಟರ್ ಡಬ್ಬ ಇರಬೇಕು, ಒಳಗಿರುವುದು ಹೊರಗೆ ಕಾಣಬೇಕು. ನನ್ನದು ತೆರೆದದ್ದಲ್ಲ, ಆದರೂ ಆ ಅಳತೆ ಸುಮ್ನೆ ಬಂದದ್ದಲ್ಲ. ದೊಡ್ಡ ಡಬ್ಬದಲ್ಲಿ ಗ್ಯಾಸ್ ವೇಗ ಕಡಿಮೆಯಾಗುತ್ತದೆ, ಹನಿಗಳು ಬೀಳಲು ಹೊತ್ತು ಸಿಗುತ್ತದೆ. ಒಳಗೆ ಇನ್ ಎದುರಿಗೆ ಒಂದು ಅಡ್ಡ ತಟ್ಟೆ, ಅದರ ಮೇಲೆ ತೂತಿನ ತಟ್ಟೆಗಳ ನಡುವೆ ಬಿಗಿಯಾಗಿ ಕೂರಿಸಿದ ಸ್ಟೀಲ್ ಜಾಲರಿ, ಔಟ್ ಮೇಲ್ಗಡೆ. ಪೀಣ್ಯದ ವೆಲ್ಡಿಂಗ್ ಶಾಪಿನವರು ಡ್ರಾಯಿಂಗ್ ನೋಡಿ "ಏನ್ ಸಾರ್, ಡಬ್ಬ ಅಂದ್ರಿ, ಇದು ಸೈಲೆನ್ಸರ್ ಇದ್ದಂಗಿದೆ" ಅಂದರು. ಮಾಡಿಕೊಟ್ಟದ್ದು ಮಾತ್ರ ಅಚ್ಚುಕಟ್ಟು, ಎರಡು ವರ್ಷದಲ್ಲಿ ಒಂದು ವೆಲ್ಡಿಂಗ್ ಬಿಟ್ಟಿಲ್ಲ. ಬ್ರಾಕೆಟ್, ಪೈಪ್, ಕ್ಲಾಂಪ್ ಎಲ್ಲಾ ಸೇರಿ ಒಂಬತ್ತು ಸಾವಿರದ ಹತ್ತಿರ ಆಯಿತು.

ಗೆಳೆಯನೊಬ್ಬ ಆನ್‌ಲೈನ್‌ನಲ್ಲಿ ಎರಡು ಸಾವಿರದೊಳಗೆ ತರಿಸಿದ್ದ ಕ್ಯಾನನ್ನು ಹ್ಯಾಕ್ಸಾದಲ್ಲಿ ಕುಯ್ದು ನೋಡಿದೆವು. ಒಳಗೆ ಏನೂ ಇಲ್ಲ! ಇನ್ ಮತ್ತು ಔಟ್ ಎದುರುಬದುರು, ಒಂದೇ ಎತ್ತರ. ಈ ಕಡೆಯಿಂದ ಬಂದದ್ದು ಆ ಕಡೆಗೆ ನೇರ ಹೋಗುತ್ತದೆ. ಇಂಥದ್ದರೊಳಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರು ತುರುಕಿದರೆ ಸರಿಹೋಗುತ್ತದೆ ಅಂತ ಒಂದು ಸಲಹೆ ಓಡಾಡುತ್ತಿದೆ. ಬಿಡಿಯಾಗಿ ತುರುಕಬೇಡಿ. ಅದರ ಎಳೆ ಕಿತ್ತು ಥ್ರಾಟಲ್ ಕಡೆ ಹೋದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಗೊತ್ತಲ್ವಾ?

ಫಲಿತಾಂಶಕ್ಕೆ ಬರೋಣ. ಪ್ರತಿ ಸೆಷನ್ ಮುಗಿದ ಮೇಲೆ ಕೆಳಗಿನ ಬಾಲ್ ವಾಲ್ವ್ ತಿರುಗಿಸಿ ಕೆಮ್ಮಿನ ಸಿರಪ್ ಜೊತೆ ಬರುವ ಅಳತೆ ಕಪ್‌ಗೆ ಬಿಡುತ್ತೇನೆ. ಬೆಳಗಿನ ಮೊದಲ ಸಲ ಬರುವುದು ತಿಳಿ ಕಂದು ನೊರೆ, ಬೆರಳಲ್ಲಿ ಉಜ್ಜಿದರೆ ಜಿಡ್ಡಿಗಿಂತ ನೀರೇ ಜಾಸ್ತಿ, ಪೆಟ್ರೋಲ್ ವಾಸನೆ ಬೇರೆ. ಎಂಜಿನ್ ಪೂರ್ತಿ ಕಾದ ಮೇಲೆ ಬರುವುದು ಶುದ್ಧ ಎಣ್ಣೆ, ಅದೇ ನಿಜವಾದ ಲೆಕ್ಕ. ಶುರುವಿನಲ್ಲಿ ದಿನಕ್ಕೆ ಕಾಲು ಲೀಟರ್ ಹತ್ತಿರ ಬರುತ್ತಿತ್ತು. ಈಗ ಕಪ್ಪಿನ ಲೆಕ್ಕದಲ್ಲೇ ಮುಗಿಯುತ್ತದೆ, ಥ್ರಾಟಲ್ ಪೈಪ್ ಒಣಗಿದೆ.

ಕಾಲು ಲೀಟರ್‌ನಿಂದ ಕಪ್ಪಿಗೆ ಇಳಿದದ್ದು ಕ್ಯಾನ್‌ನಿಂದ ಅಲ್ಲ. ಕ್ಯಾನ್ ಹಿಡಿಯುತ್ತದೆ, ಬರುವುದನ್ನು ನಿಲ್ಲಿಸುವುದಿಲ್ಲ. ಟ್ಯಾಪೆಟ್ ಕವರ್ ಒಳಗೆ ಬ್ರೀದರ್ ತೂತಿನ ಕೆಳಗೆ ಒಂದು ತಗಡಿನ ತಟ್ಟೆ ಇರುತ್ತದೆ, ಚಿಮ್ಮುವ ಎಣ್ಣೆ ನೇರ ಪೈಪಿಗೆ ಹೋಗದಿರಲಿ ಅಂತ. ನನ್ನದರಲ್ಲಿ ಅದು ಒಂದು ಕಡೆ ಸಡಿಲವಾಗಿ ಎದ್ದಿತ್ತು, ಹೆಡ್‌ನಲ್ಲಿ ಹಾರಿದ್ದೆಲ್ಲ ಆ ಸಂದಿಯಿಂದ ಪೈಪಿಗೆ. ಅದನ್ನು ಕೂರಿಸಿದ ಮೇಲೆ ಅರ್ಧಕ್ಕರ್ಧ ಇಳಿಯಿತು. ಲೀಕ್‌ಡೌನ್ ಟೆಸ್ಟ್ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಅಂತ ನೋಡುವುದು) ಮಾಡಿಸಿದಾಗ ನಾಲ್ಕೂ ಸಿಲಿಂಡರ್ 10 ಶೇಕಡಾ ಒಳಗೆ ಬಂತು, ಹಾಗಾಗಿ ರಿಂಗ್ ಮುಟ್ಟಲಿಲ್ಲ. ನಿಮ್ಮದರಲ್ಲಿ ಅದು 20 ದಾಟಿದ್ದರೆ ಮೊದಲು ಆ ಕೆಲಸ ನೋಡಿ, ಕ್ಯಾನ್ ದುಡ್ಡು ಉಳಿಸಿ. ಎಣ್ಣೆಯನ್ನು ಮೇಲಿನ ಗೆರೆ ದಾಟಿ ಹಾಕುವುದನ್ನೂ ಬಿಡಿ. ತಿರುವಿನಲ್ಲಿ ಕಡಿಮೆಯಾಗದಿರಲಿ ಅಂತ ಕೆಲವರು ಅರ್ಧ ಲೀಟರ್ ಜಾಸ್ತಿ ಹಾಕುತ್ತಾರೆ, ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡಿ ಬ್ರೀದರ್‌ನಿಂದಲೇ ಹೊರಗೆ ಕಳಿಸುತ್ತದೆ. ಎಣ್ಣೆ ಚೇಂಬರಿಗೆ ಒಳಗೆ ತಡೆ ತಟ್ಟೆ ಹಾಕಿಸುವುದು ಅದಕ್ಕೆ ಸರಿಯಾದ ಮದ್ದು.

ಎಣ್ಣೆ ಆರಿಸುವಾಗ ನೋಯಾಕ್ ಸಂಖ್ಯೆ ನೋಡುವ ಅಭ್ಯಾಸ ಆಗಿದೆ. 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಶೇಕಡಾ ಎಷ್ಟು ಆವಿಯಾಗುತ್ತದೆ ಅನ್ನುವ ಲೆಕ್ಕ ಅದು. ಯುರೋಪಿನ ಕಾರು ತಯಾರಕರ ಸಂಘ ಎಸಿಇಎ (ACEA) ಗೊತ್ತು ಮಾಡಿದ ಎ3/ಬಿ4 ದರ್ಜೆಯ ಎಣ್ಣೆಗೆ ಮಿತಿ 13. ಅದಕ್ಕಿಂತ ಚೆನ್ನಾಗಿ ಕಡಿಮೆ ಇರುವುದನ್ನೇ ಹಾಕುತ್ತೇನೆ, ಯಾಕೆಂದರೆ ಆವಿಯಾಗಿ ಹೋಗುವುದನ್ನು ಯಾವ ಜಾಲರಿಯೂ ಪೂರ್ತಿ ಹಿಡಿಯುವುದಿಲ್ಲ.

ಇಷ್ಟವಾಗದ್ದೂ ಇದೆ. ಪಿಸಿವಿ ಎಳೆತ ತೆಗೆದ ಮೇಲೆ ನೀರಿನಂಶ ಎಂಜಿನ್ ಒಳಗೇ ಜಾಸ್ತಿ ಹೊತ್ತು ಉಳಿಯುತ್ತದೆ, ಎಣ್ಣೆ ಬೇಗ ಬದಲಿಸಬೇಕು. ನನಗೆ ಪರವಾಗಿಲ್ಲ, ಟ್ರ್ಯಾಕ್ ಕಾರಿಗೆ ಹೇಗೂ ಬೇಗ ಬದಲಿಸುತ್ತೇನೆ. ದಿನಾ ಆಫೀಸಿಗೆ ಓಡಿಸುವ ಕಾರಾದರೆ ಪಿಸಿವಿ ಹಾಗೇ ಬಿಟ್ಟು ಟ್ಯಾಪೆಟ್ ಕವರ್ ಪೈಪಿಗೆ ಮಾತ್ರ ಕ್ಯಾನ್ ಹಾಕಿ. ಮೇಲೆ ಚಿಕ್ಕ ಫಿಲ್ಟರ್ ಸಿಕ್ಕಿಸಿ ಗ್ಯಾಸ್ ಹೊರಗೆ ಬಿಡುವ ಕ್ಯಾನ್ ನಾನು ಬೇಕೆಂದೇ ಮಾಡಿಸಲಿಲ್ಲ. ಸಿಗ್ನಲ್‌ನಲ್ಲಿ ನಿಂತರೆ ಎಸಿಯಿಂದ ಒಳಗೆ ವಾಸನೆ, ಮತ್ತೆ ಬಿಎಸ್ (ಭಾರತ್ ಸ್ಟೇಜ್) ಹೊಗೆ ನಿಯಮದಲ್ಲಿ ಕ್ರ್ಯಾಂಕ್‌ಕೇಸ್ ಗ್ಯಾಸ್ ಹೊರಗೆ ಬಿಡುವ ಹಾಗೇ ಇಲ್ಲ. ಟ್ರ್ಯಾಕ್‌ನಲ್ಲೂ ತುಂಬಿದ ಕ್ಯಾನ್ ಉಕ್ಕಿ ಫಿಲ್ಟರ್‌ನಿಂದ ಎಣ್ಣೆ ಹಾರಿದರೆ, ಕೆಳಗೆ ಬಿಸಿ ಎಕ್ಸಾಸ್ಟ್, ಹಿಂದೆ ಬರುವವನ ಟೈರ್ ಕೆಳಗೆ ನಿಮ್ಮ ಎಣ್ಣೆ. ಮಾರ್ಷಲ್ ಕಿತ್ತಳೆ ಚುಕ್ಕೆಯ ಕಪ್ಪು ಬಾವುಟ ತೋರಿಸಿದರೆ ಆ ಸೆಷನ್ ಮುಗೀತು.

ಪಕ್ಕದ ಲೆವೆಲ್ ಟ್ಯೂಬ್ ಮೊದಲ ಬೇಸಿಗೆಯಲ್ಲೇ ಹಳದಿಯಾಯಿತು, ಈಗ ಒಳಗೆ ಎಷ್ಟಿದೆ ಅಂತ ಟಾರ್ಚ್ ಹಿಡಿದರೂ ಸರಿಯಾಗಿ ಕಾಣುವುದಿಲ್ಲ. ಜೆಸಿ ರೋಡಿನಲ್ಲಿ ಟೆಫ್ಲಾನ್ ಟ್ಯೂಬ್ ಸಿಗುತ್ತದೆ, ಮುಂದಿನ ಸಲ ಹೋದಾಗ ತರಬೇಕು. ಬಾಲ್ ವಾಲ್ವ್ ಹಿಡಿ ಮಾತ್ರ ತೆಗೆದಿಟ್ಟಿದ್ದೇನೆ, ಅಲುಗಾಟಕ್ಕೆ ತಾನೇ ತಿರುಗಿಕೊಳ್ಳುವ ಸಾಧ್ಯತೆ ಇರುತ್ತದೆ. ಬಿಡುವಾಗ ಸ್ಪ್ಯಾನರ್ ಹಾಕಿ ತಿರುಗಿಸಿದರಾಯಿತು.