ಹಳೇ ಹಾರ್ಡ್ ಡಿಸ್ಕ್ ಜೋಡಿಸುವ ಯುಎಸ್‌ಬಿ ಕೇಬಲ್: ಕೇಬಲ್ ಬಂಗಾರ, ಅಡಾಪ್ಟರ್ ದಂಡ

ಮೊದಲೇ ಹೇಳಿಬಿಡುತ್ತೇನೆ. ಈ ಐಡಿಇ-ಸಾಟಾ (ಹಾರ್ಡ್ ಡಿಸ್ಕಿನ ಹಳೇ, ಹೊಸ ಎರಡು ಬಗೆಯ ಕನೆಕ್ಟರ್) ಯುಎಸ್‌ಬಿ ಕೇಬಲ್ ಇಲ್ಲದಿದ್ದರೆ ನಮ್ಮ ಕಾಕಾರ ಹಳೇ ಗಿರಾಕಿಗಳ ಇಮೇಲ್‌ಗಳೆಲ್ಲ ಗುಜರಿ ಸೇರುತ್ತಿದ್ದವು. ಆದರೂ ನಾನು ಕೊಡೋದು ಮೂರೇ ಸ್ಟಾರ್. ಕಾರಣ ಜೊತೆಗೆ ಬರುವ ಪವರ್ ಅಡಾಪ್ಟರ್. ಕೆಲವು ವರ್ಷ ಬಳಸಿದ ಮೇಲೂ ಅದರ ಮೇಲಿನ ಸಿಟ್ಟು ಇಳಿದಿಲ್ಲ.

ಕಾಕಾರದು ಗುಳೇದಗುಡ್ಡದಲ್ಲಿ ಖಣದ (ರವಿಕೆ ಬಟ್ಟೆ) ವ್ಯಾಪಾರ. 2004ರ ಸುಮಾರಿಗೆ ಅಸೆಂಬಲ್ ಮಾಡಿಸಿದ ಕಂಪ್ಯೂಟರ್. ವಿಂಡೋಸ್ ಎಕ್ಸ್‌ಪಿ, ಡಯಲ್‌ಅಪ್ ಇಂಟರ್ನೆಟ್, ಇಮೇಲ್‌ಗೆ ಔಟ್‌ಲುಕ್ ಎಕ್ಸ್‌ಪ್ರೆಸ್. ಪುಣೆ, ಕೊಲ್ಹಾಪುರ, ಸೊಲ್ಲಾಪುರದ ಅಂಗಡಿಯವರ ಜೊತೆ ವ್ಯವಹಾರದ ಮಾತೆಲ್ಲ ಅದರಲ್ಲೇ ನಡೀತಿತ್ತು. ಒಂದು ಸಲ ಆಫ್ ಆಗಿದ್ದು ಮತ್ತೆ ಆನ್ ಆಗಲಿಲ್ಲ, ಅಟ್ಟ ಸೇರಿತು. ಕೆಲವು ವರ್ಷಗಳ ಹಿಂದೆ ಅವರ ಮಗಳು, ಅಂದರೆ ನನ್ನ ತಂಗಿ, ಆನ್‌ಲೈನಲ್ಲಿ ಖಣ ಮಾರಬೇಕು ಅಂತ ಹೊರಟಾಗ ಆ ಗಿರಾಕಿಗಳು ನೆನಪಾದರು. ಕಾಕಾ ಮಾತ್ರ, 'ಏ ತಮ್ಮಾ, ಅದ್ರಾಗ ಏನ್ ಉಳಿದೈತಿ, ಗುಜರಿಗೆ ಕೊಟ್ಟುಬಿಡು' ಅಂದರು.

ಬಾಗಲಕೋಟೆಯ ಒಂದು ಅಂಗಡಿಯಲ್ಲಿ ಕೇಳಿದೆ. 'ಡೇಟಾ ರಿಕವರಿ ಮಾಡಬೇಕ್ರೀ, ಹೊರಗ ಕಳಸಬೇಕಾಗ್ತದ' ಅಂತ ಹೇಳಿದ ರೇಟಿಗೆ ಒಂದು ಫೋನೇ ಬರುತ್ತಿತ್ತು. ಡಬ್ಬಿ ಬಿಚ್ಚಿ ನೋಡಿದರೆ ಮದರ್‌ಬೋರ್ಡಿನ ಕೆಪಾಸಿಟರ್‌ಗಳ (ಪುಟ್ಟ ಡಬ್ಬಿಯಂಥ ಬಿಡಿಭಾಗಗಳು) ತಲೆ ಉಬ್ಬಿ ನಿಂತಿತ್ತು. ಆ ಕಾಲದ ಎಷ್ಟೋ ಬೋರ್ಡುಗಳಿಗೆ ಬಂದ ರೋಗ ಅದು. ಅಂದರೆ ಕೆಟ್ಟಿದ್ದು ಬೋರ್ಡು. ಡಿಸ್ಕ್ ಯಾಕೆ ಕೆಡಬೇಕು? ರಿಕವರಿ ಅಂತ ದುಡ್ಡು ಸುರಿಯೋ ಮೊದಲು ಇಷ್ಟನ್ನಾದರೂ ನೋಡಿಕೊಳ್ಳಿ. ಸಾವಿರ ರೂಪಾಯಿ ಒಳಗೆ ಈ ಕೇಬಲ್ ಸಿಕ್ಕಿತು, ತರಿಸಿದೆ.

ಜೋಡಿಸುವ ಕೆಲಸ ನನಗೆ ಈಗ ಸಂಜೆ ಚಹಾ ಆದ ಮೇಲಿನ ಒಂದು ಖುಷಿ. ಡಿಸ್ಕಿನ ಹಿಂದಿನ ಜಂಪರ್ (ಪಿನ್ನುಗಳ ಮೇಲೆ ಕೂರುವ ಪುಟ್ಟ ಟೋಪಿ) ಮಾಸ್ಟರ್ ಅಂತ ಗುರುತಿರುವ ಜಾಗದಲ್ಲಿದೆಯಾ ನೋಡಬೇಕು. ಒಂದು ದಪ್ಪ ನೋಟ್‌ಬುಕ್ ಮೇಲೆ ಡಿಸ್ಕ್ ಇಟ್ಟು, 40 ಪಿನ್ನಿನ ಕನೆಕ್ಟರ್ ನಿಧಾನಕ್ಕೆ ಒತ್ತಬೇಕು. ನಡುವೆ ಒಂದು ಪಿನ್ ಇರೋದಿಲ್ಲ, ಹಾಗಾಗಿ ಉಲ್ಟಾ ಕೂರೋಲ್ಲ. ಆಮೇಲೆ ಪವರ್. ಕರೆಂಟ್ ಕೊಟ್ಟ ತಕ್ಷಣ ಸುಯ್ಯ್ ಅಂತ ಶುರುವಾಗಿ, ಸದ್ದು ಏರಿ, ಒಂದು ಹದಕ್ಕೆ ಬಂದು ನಿಲ್ಲುತ್ತದೆ. ಅಂಗೈ ಇಟ್ಟರೆ ಸಣ್ಣ ನಡುಕ ಗೊತ್ತಾಗುತ್ತದೆ. ಅದು ಗೊತ್ತಾದ ಮೇಲೇ ಯುಎಸ್‌ಬಿ ಚುಚ್ಚೋದು. ಟಕ್ ಟಕ್ ಅಂತ ಒಂದೇ ಸಮ ಬಡಿದರೆ ಮಾತ್ರ ಕೂಡಲೇ ಕರೆಂಟ್ ತೆಗೆದುಬಿಡಿ, ಅದು ಈ ಕೇಬಲ್ಲಿನ ಕೆಲಸ ಅಲ್ಲ.

ಈಗ ಅಡಾಪ್ಟರ್ ಕಥೆ. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕಿಗೆ 12 ವೋಲ್ಟ್ ಬೇಕು. ಯುಎಸ್‌ಬಿ ಕೊಡೋದು 5 ವೋಲ್ಟ್. ಅದಕ್ಕೇ ಬೇರೆ ಅಡಾಪ್ಟರ್, ನಾಲ್ಕು ಪಿನ್ನಿನ ಬಿಳಿ ಪ್ಲಗ್ಗು. ಈ ಪ್ಲಗ್ಗಿನ ಒಳಗಿನ ಪಿನ್ನುಗಳು ಸಡಿಲ. ಒತ್ತಿದಾಗ ಮೂರು ಕೂರುತ್ತವೆ, ನಾಲ್ಕನೆಯದು ಹಿಂದಕ್ಕೆ ಜಾರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತೆ. ಡಿಸ್ಕ್ ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಕಾಪಿ ಅರ್ಧಕ್ಕೆ ಬಂದಾಗ ಡ್ರೈವ್ ಮಾಯ. ಮತ್ತೆ ಕಾಣಿಸಿದಾಗ ವಿಂಡೋಸ್ ಏನು ಕೇಳುತ್ತೆ ಗೊತ್ತಾ? ಫಾರ್ಮ್ಯಾಟ್ ಮಾಡಲಾ ಅಂತ! ಗೊತ್ತಿಲ್ಲದವರು ಹೂಂ ಅಂದರೆ ಮುಗೀತು. ಪ್ರತಿ ಸಲ ಸಣ್ಣ ಸ್ಕ್ರೂಡ್ರೈವರ್ ತಗೊಂಡು ಹಿಂದಿನಿಂದ ಆ ಪಿನ್ ತಳ್ಳಿ ಕೂರಿಸಬೇಕು. ಕೆಲಸ ಆಗುತ್ತೆ, ನೆಮ್ಮದಿ ಇರೋಲ್ಲ. ಮಾರಿದವರಿಗೆ ಬರೆದರೆ 'ಕೇಬಲ್ ಸರಿ ಇದೆಯಲ್ಲ ಸರ್' ಅಂತ ಉತ್ತರ.

ಕಡೆಗೆ ಸರಿ ಮಾಡಿದ್ದು ಕಾಕಾರ ಸತ್ತ ಕಂಪ್ಯೂಟರೇ. ಅದರ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಚೆನ್ನಾಗಿತ್ತು. ಓಣಿಯ ಟಿವಿ ರಿಪೇರಿಯವರು ಮೀಟರ್ ಹಿಡಿದು ನೋಡಿ, ಹಸಿರು ತಂತಿಯನ್ನು ಕಪ್ಪು ತಂತಿಗೆ ಸೇರಿಸಿದರು, ಮದರ್‌ಬೋರ್ಡ್ ಇಲ್ಲದೆಯೇ ಅದು ಶುರುವಾಯಿತು. ಈಗ ಪವರ್ ಅದರಿಂದ, ಡೇಟಾ ಕೇಬಲ್‌ನಿಂದ. ಒಮ್ಮೆಯೂ ಕೈಕೊಟ್ಟಿಲ್ಲ. ವಿದ್ಯುತ್ ಕೆಲಸ ಗೊತ್ತಿಲ್ಲದವರು ಮನೇಲಿ ಸುಮ್ನೆ ಮಾಡಲು ಹೋಗಬೇಡಿ.

ಕಾಂಟ್ಯಾಕ್ಟ್ಸ್ ಹುಡುಕುವವರಿಗೆ ದಾರಿ ಹೇಳುತ್ತೇನೆ. ಎಕ್ಸ್‌ಪಿ ಡಿಸ್ಕಿನಲ್ಲಿ ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್, ಅದರೊಳಗೆ ಬಳಸುತ್ತಿದ್ದವರ ಹೆಸರು, ಅಪ್ಲಿಕೇಶನ್ ಡೇಟಾ, ಮೈಕ್ರೋಸಾಫ್ಟ್, ಅಡ್ರೆಸ್ ಬುಕ್. ಅಪ್ಲಿಕೇಶನ್ ಡೇಟಾ ಅಡಗಿರುತ್ತದೆ, ಹಿಡನ್ ಫೈಲ್ ತೋರಿಸು ಅಂತ ಹೇಳಬೇಕು. ಅನುಮತಿ ಇಲ್ಲ ಅಂದರೆ ಅಡ್ಮಿನ್ ಖಾತೆಯಿಂದ ಕಂಟಿನ್ಯೂ ಒತ್ತಿ. ಬೇಕಾದ್ದು ಡಬ್ಲ್ಯೂಎಬಿ ಅಂತ ಕೊನೆಯಾಗುವ ಫೈಲು. ಪತ್ರಗಳು ಬೇರೆ ಕಡೆ ಡಿಬಿಎಕ್ಸ್ ಫೈಲುಗಳಲ್ಲಿರುತ್ತವೆ, ಅವನ್ನೂ ಕಾಪಿ ಮಾಡಿಟ್ಟುಕೊಳ್ಳಿ. ನನ್ನ ಹಳೇ ವಿಂಡೋಸ್ 7 ಲ್ಯಾಪ್‌ಟಾಪಿನ ಕಾಂಟ್ಯಾಕ್ಟ್ಸ್ ಫೋಲ್ಡರಿನಲ್ಲಿ ಇಂಪೋರ್ಟ್ ಮಾಡಿ, ಅಲ್ಲಿಂದ ಸಿಎಸ್‌ವಿ (ಕಾಲಂಗಳಿರುವ ಸರಳ ಪಟ್ಟಿ ಫೈಲು) ಮಾಡಿ, ಜಿಮೇಲಿಗೆ ಏರಿಸಿದೆ. ಸಿಎಸ್‌ವಿ ಮಾಡುವಾಗ ಯಾವ ಯಾವ ಕಾಲಂ ಬೇಕು ಅಂತ ಕೇಳುತ್ತೆ. ನೋಟ್ಸ್ ಮುಂದೆ ಟಿಕ್ ಇದೆಯಾ ಖಂಡಿತ ನೋಡಿ.

ಯಾಕೆ ಅಂತೀರಾ? ಇಮೇಲ್ ವಿಳಾಸಗಳಲ್ಲಿ ಜಾಸ್ತಿ ಸತ್ತಿದ್ದವು. ಸಂಚಾರ್‌ನೆಟ್ (ಬಿಎಸ್‌ಎನ್‌ಎಲ್‌ನ ಹಳೇ ಇಂಟರ್ನೆಟ್ ಸೇವೆ) ವಿಳಾಸಕ್ಕೆ ಕಳಿಸಿದ್ದೆಲ್ಲ ಹಾಗೇ ವಾಪಸ್. ಇಷ್ಟಕ್ಕೆ ಇಷ್ಟೆಲ್ಲ ಒದ್ದಾಡಿದೆವಾ ಅಂತ ಬೇಜಾರಾಗಿತ್ತು. ಆಮೇಲೆ ತಂಗಿ ನೋಟ್ಸ್ ತೆಗೆದಳು. ಒಬ್ಬೊಬ್ಬರ ಕೆಳಗೂ ಕಾಕಾ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿಟ್ಟಿದ್ದಾರೆ: 'ಕೆಂಪು ಅಂಚು ಬೇಕಂತಾರ', 'ದೀಪಾವಳಿಗೆ ಮುಂಚೆ ಮಾಲು', 'ಬಾಕಿ ಕೇಳಬೇಕು, ನಾಚಿಕೆ ಮಾಡಬಾರದು'. ಅಂಗಡಿಯ ಫೋನ್ ನಂಬರೂ ಇದ್ದವು. ಲ್ಯಾಂಡ್‌ಲೈನ್‌ಗಳು, ಆದರೂ ಕೆಲವು ರಿಂಗ್ ಆದವು! ಕೊಲ್ಹಾಪುರದ ಒಬ್ಬರು ಕಾಕಾರ ದನಿ ಗುರುತು ಹಿಡಿದು, ಮಾಲಿನ ಮಾತಿಗೂ ಮೊದಲು ಹಳೇ ಬಾಕಿ ನೆನಪಿಸಿದರು. ಅದು ಕಾಕಾನೇ ಅವರಿಗೆ ಕೊಡಬೇಕಾದ ಬಾಕಿ!

ಇನ್ನೊಂದು ತಮಾಷೆ. ಔಟ್‌ಲುಕ್ ಎಕ್ಸ್‌ಪ್ರೆಸ್ ನಾವು ಉತ್ತರ ಬರೆದವರನ್ನೆಲ್ಲ ತಾನೇ ಅಡ್ರೆಸ್ ಬುಕ್ಕಿಗೆ ಸೇರಿಸುತ್ತಿತ್ತು. ಆ ಪಟ್ಟಿಯಲ್ಲಿ ನಿಮಗೆ ಲಾಟರಿ ಹತ್ತಿದೆ ಅಂತ ಬರೆಯುವ ಮಹಾನುಭಾವರೂ ಇದ್ದರು. ಅಂದರೆ ಕಾಕಾ ಉತ್ತರ ಕೊಟ್ಟಿದ್ದಾರೆ. ಕೇಳಿದರೆ, 'ಸುಮ್ನ ಕೇಳಿದ್ದೆ, ಎಷ್ಟು ರೊಕ್ಕ ಅಂತ' ಅಂದರು.

ಈಗ ಓಣಿಯವರ ಡಿಸ್ಕುಗಳೆಲ್ಲ ನನ್ನ ಟೇಬಲ್ಲಿಗೆ ಬರುತ್ತವೆ. ಮದುವೆ ಫೋಟೋ, ಶಾಲೆಯ ಪ್ರಶ್ನೆಪತ್ರಿಕೆ, ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಿದ ಪತ್ರಗಳು. ಕೇಬಲ್ ಎಲ್ಲಕ್ಕೂ ಸೈ. ನಿಮ್ಮ ಹತ್ತಿರ ಇರೋದು ಲ್ಯಾಪ್‌ಟಾಪಿನ ಸಣ್ಣ ಡಿಸ್ಕಾದರೆ ಯುಎಸ್‌ಬಿ ಕರೆಂಟೇ ಸಾಮಾನ್ಯವಾಗಿ ಸಾಕು, ಧೈರ್ಯವಾಗಿ ತಗೊಳ್ಳಿ, ಅಡಾಪ್ಟರನ್ನು ಡಬ್ಬಿಯಿಂದ ಹೊರಗೇ ತೆಗೀಬೇಡಿ. ದೊಡ್ಡ ಡಿಸ್ಕಾದರೆ ಬೇರೆ ಒಳ್ಳೆ ಅಡಾಪ್ಟರಿಗೂ ದುಡ್ಡು ತೆಗೆದಿಡಿ. ಅಡಾಪ್ಟರ್ ಇಲ್ಲದೆ ಬರೀ ಕೇಬಲ್ ಕಡಿಮೆ ರೇಟಿಗೆ ಎಲ್ಲಾದರೂ ಸಿಕ್ಕರೆ ತಿಳಿಸಿ, ತಂಗಿಗೂ ಒಂದು ಬೇಕಂತೆ.